ಬೆಳಕಿನ ಉಳಿ

ಬೆಳಗ್ಗೆ ಎಚ್ಚರವಾದೊಡನೆ ಕೈ ತಲೆದಿಂಬಿನ ಪಕ್ಕದಲ್ಲಿ ಕನ್ನಡಕವನ್ನು ತಡಕಾಡುತ್ತದೆ. ಅದು ಸಿಕ್ಕಿ ಮೂಗನ್ನೇರುವ ತನಕ ಗೋಡೆಯ ಗಡಿಯಾರ ಬರಿಯ ಒಂದು ಬಿಳಿಯ ಚುಕ್ಕೆ. ಬಾಗಿಲಲ್ಲಿ ನಿಂತವರು ಯಾರೆಂಬುದನ್ನು ದನಿಯಿಂದಲೇ ತಿಳಿಯಬೇಕು. ಮಳೆಯಲ್ಲಿ ನಡೆದರೆ ಗಾಜಿನ ಮೇಲೆ ಹನಿ. ಬಿಸಿ ಕಾಫಿಯನ್ನು ಬಾಯಿಗಿಟ್ಟರೆ ಗಾಜಿನ ಮೇಲೆ ಮಂಜು. ಹೀಗೆ ಹತ್ತು ಹನ್ನೆರಡು ವರ್ಷ ಕಳೆದವರಿಗೆ, ಲೇಸರ್ ಚಿಕಿತ್ಸೆಯಿಂದ ಕನ್ನಡಕವನ್ನು ಬಿಡಬಹುದೆಂಬ ಮಾತು ಎಷ್ಟು ಹಿತವಾಗಿ ಕೇಳಿಸುವುದೆಂಬುದನ್ನು ಕನ್ನಡಕವಿಲ್ಲದವರು ಊಹಿಸಲಾರರು.

ಒಂದೇ ಕಾಲೇಜಿನಲ್ಲಿ ಓದುತ್ತ, ಒಂದೇ ಕೊಠಡಿಯಲ್ಲಿ ವಾಸಿಸುವ ಇಬ್ಬರು ಗೆಳತಿಯರನ್ನು ಕಲ್ಪಿಸಿಕೊಳ್ಳಬಹುದು. ಇಬ್ಬರಿಗೂ ಇಪ್ಪತ್ತೆರಡು ವರ್ಷ. ಇಬ್ಬರ ಕನ್ನಡಕದ ಶಕ್ತಿಯೂ ಮೈನಸ್ ಆರು ಡಯಾಪ್ಟರ್. ಕನ್ನಡಕ ತೆಗೆದರೆ ಇಬ್ಬರಿಗೂ ಸುಮಾರು ಹದಿನೇಳು ಸೆಂಟಿಮೀಟರಿನಿಂದಾಚೆ, ಎಂದರೆ ಒಂದು ಗೇಣು ದೂರದಲ್ಲಿರುವುದು ಕೂಡ, ಸ್ಪಷ್ಟವಾಗಿ ಕಾಣದು. ಇಬ್ಬರೂ ಜೊತೆಯಾಗಿ ಕಣ್ಣಿನ ಆಸ್ಪತ್ರೆಗೆ ಹೋಗುತ್ತಾರೆ. ವೈದ್ಯರು ಒಬ್ಬಳಿಗೆ ಚಿಕಿತ್ಸೆ ಮಾಡಬಹುದೆನ್ನುತ್ತಾರೆ; ಇನ್ನೊಬ್ಬಳಿಗೆ ಬೇಡವೆನ್ನುತ್ತಾರೆ. ದೋಷ ಒಂದೇ ಆಗಿರುವಾಗ ಉತ್ತರ ಎರಡಾದುದೇಕೆ? ಇದನ್ನು ತಿಳಿಯಬೇಕಾದರೆ ಮೊದಲು ಕಣ್ಣಿನ ರಚನೆಯನ್ನೂ, ಬಳಿಕ ಆ ಬೆಳಕಿನ ಕೆಲಸವನ್ನೂ ಅರಿಯಬೇಕು.

ಕಣ್ಣಿನ ಪಾಪೆಯ ಮುಂದೆ, ಕೈಗಡಿಯಾರದ ಮೇಲಣ ಗಾಜಿನಂತೆ, ಉಬ್ಬಿದ ಪಾರದರ್ಶಕವಾದ ಪೊರೆಯೊಂದುಂಟು. ಇದೇ ಕಾರ್ನಿಯ. ನಡುಭಾಗದಲ್ಲಿ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಇದರಲ್ಲಿ ರಕ್ತನಾಳಗಳಿಲ್ಲ, ಇದಕ್ಕೆ ಬೇಕಾದ ಆಮ್ಲಜನಕದ ಬಹುಭಾಗ ಕಣ್ಣೀರಿನ ಮೂಲಕ ಗಾಳಿಯಿಂದಲೇ ದೊರೆಯುತ್ತದೆ. ಬೆಳಕನ್ನು ಬಾಗಿಸುವುದು ಕಣ್ಣಿನೊಳಗಿನ ಮಸೂರವೊಂದೇ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಕಣ್ಣಿನ ಒಟ್ಟು ಶಕ್ತಿಯಾದ ಸುಮಾರು 60 ಡಯಾಪ್ಟರಿನಲ್ಲಿ 43ರಷ್ಟು ಈ ತೆಳುವಾದ ಪೊರೆಯದು. ಆದುದರಿಂದ ಇದರ ಬಾಗು ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಾಣುವ ಜಗತ್ತು ಬದಲಾಗುತ್ತದೆ.

ಪ್ರಾಯದವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರು ಉದ್ದವಾಗಿರುತ್ತದೆ. ಅದು ಬೆಳೆಯುವಾಗ ಹೆಚ್ಚು ಉದ್ದವಾದರೆ, ದೂರದ ವಸ್ತುಗಳ ಬಿಂಬ ಹಿಂಭಾಗದ ಅಕ್ಷಿಪಟಲದ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಕೂಡಿಕೊಳ್ಳುತ್ತದೆ. ಇದು ಸಮೀಪದೃಷ್ಟಿ ದೋಷ. ಒಂದು ಮಿಲಿಮೀಟರು ಹೆಚ್ಚು ಉದ್ದವಾದರೆ ಸುಮಾರು ಎರಡೂವರೆ ಡಯಾಪ್ಟರಿಗೂ ಮೀರಿದ ದೋಷ ಉಂಟಾಗುತ್ತದೆ. ನಿಮ್ನ ಮಸೂರದಿಂದ ಈ ದೋಷ ಪರಿಹಾರವಾಗುವುದೇಕೆಂಬುದನ್ನು ಜರ್ಮನಿಯ ಖಗೋಳ ವಿಜ್ಞಾನಿ ಯೋಹಾನೆಸ್ ಕೆಪ್ಲರ್ 1604ರಲ್ಲಿ ವಿವರಿಸಿದನು. ಕನ್ನಡಕ ಅದಕ್ಕೂ ಹಿಂದಿನದು; ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಹುಟ್ಟಿತು. ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿದ್ದ ವ್ಯಾಸರಾಯರು ಕನ್ನಡಕ ಧರಿಸಿ ಗ್ರಂಥಾವಲೋಕನ ಮಾಡುತ್ತಿದ್ದುದನ್ನು ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಕೃತಿ ಸೂಚಿಸುತ್ತದೆ. ಹಲವು ಶತಮಾನಗಳಿಂದ ಮಾನವನ ಕಣ್ಣಿಗೆ ಒತ್ತಾಸೆಯಾಗಿ ನಿಂತ ಈ ಸಾಧನ ಯಾರ ಕಣ್ಣನ್ನೂ ಕೊಯ್ದಿಲ್ಲ. ಇಷ್ಟವಾಗದಿದ್ದರೆ ತೆಗೆದಿಡಬಹುದು, ಶಕ್ತಿ ಬದಲಾದರೆ ಗಾಜನ್ನು ಬದಲಾಯಿಸಬಹುದು. ಈ ಗುಣವನ್ನು ಮರೆಯಬಾರದು.

ಗಾಜನ್ನು ಬದಲಾಯಿಸುವುದಕ್ಕೆ ಬದಲಾಗಿ ಕಾರ್ನಿಯವನ್ನೇ ತಿದ್ದಬಾರದೇಕೆ ಎಂಬ ಆಲೋಚನೆ ಇಪ್ಪತ್ತನೆಯ ಶತಮಾನದಲ್ಲಿ ಬಲಗೊಂಡಿತು. ಜಪಾನಿನ ವೈದ್ಯ ತ್ಸುತೋಮು ಸಾಟೊ 1930 ಮತ್ತು 1940ರ ದಶಕಗಳಲ್ಲಿ ಕಾರ್ನಿಯದ ಒಳಮೈಯಲ್ಲಿ ಗೀರುಗಳನ್ನು ಹಾಕಿ ಅದರ ಬಾಗನ್ನು ಕಡಿಮೆ ಮಾಡಲೆತ್ನಿಸಿದರು. ಮೊದಮೊದಲು ಫಲ ಕಂಡಿತು. ಆದರೆ ಒಳಮೈಯ ಸೂಕ್ಷ್ಮ ಕೋಶಗಳು ನಾಶವಾಗಿದ್ದುದರಿಂದ, ವರ್ಷಗಳು ಉರುಳಿದ ಮೇಲೆ ಅನೇಕರ ಕಾರ್ನಿಯ ಊದಿಕೊಂಡು ಮಸುಕಾಯಿತು. 1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದರೊವ್ ಹೊರಮೈಯಲ್ಲಿ ಮಾತ್ರ, ಗಾಡಿಯ ಚಕ್ರದ ಅರೆಕಾಲುಗಳಂತೆ, ಗೀರುಗಳನ್ನು ಹಾಕುವ ಕ್ರಮವನ್ನು ಬಳಕೆಗೆ ತಂದರು. ಲಕ್ಷಾಂತರ ಜನ ಅದನ್ನು ಮಾಡಿಸಿಕೊಂಡರು. ಹತ್ತು ವರ್ಷಗಳ ಪರಿಶೀಲನೆಯ ಬಳಿಕ ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ವರದಿಯಂತೆ, ಪರೀಕ್ಷಿಸಿದ ಕಣ್ಣುಗಳಲ್ಲಿ ನೂರಕ್ಕೆ 43ರಷ್ಟು ಒಂದು ಡಯಾಪ್ಟರ್ ಇಲ್ಲವೆ ಅದಕ್ಕಿಂತ ಹೆಚ್ಚಾಗಿ ದೂರದೃಷ್ಟಿಯ ಕಡೆಗೆ ಜಾರಿದ್ದುವು. ಕಣ್ಣಿನ ಮೇಲೆ ಇಂದು ಮಾಡಿದ ಕೆಲಸದ ಲೆಕ್ಕವನ್ನು ಕಾಲ ಎಷ್ಟೋ ವರ್ಷಗಳ ಮೇಲೆ ಕೇಳುತ್ತದೆಂಬುದು ಈ ಎರಡು ಪ್ರಯತ್ನಗಳಿಂದ ತಿಳಿದುಬಂದ ಪಾಠ.

ಕತ್ತಿಗಿಂತ ನವುರಾದ ಆಯುಧವೊಂದು ಬೇಕಾಗಿತ್ತು. ಅದು ದೊರೆತದ್ದು ಆಸ್ಪತ್ರೆಯಲ್ಲಲ್ಲ. ಮದ್ರಾಸ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರವನ್ನು ಕಲಿತು ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಅವರು ನ್ಯೂಯಾರ್ಕ್ ರಾಜ್ಯದಲ್ಲಿ ಐಬಿಎಂ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಂಶೋಧಕರಾಗಿದ್ದರು. ನೇರಳಾತೀತ ಕಿರಣಗಳನ್ನು ಹೊಮ್ಮಿಸುವ ‘ಎಕ್ಸೈಮರ್’ ಎಂಬ ಲೇಸರ್ ಅಲ್ಲಿತ್ತು. ಅದು ಪ್ಲಾಸ್ಟಿಕ್ಕನ್ನು ಸುಡದೆ ನಯವಾಗಿ ಕೆತ್ತುವುದನ್ನು ಕಂಡಿದ್ದ ಶ್ರೀನಿವಾಸನ್, ಸ್ಯಾಮ್ಯುಯೆಲ್ ಬ್ಲಮ್ ಮತ್ತು ಜೇಮ್ಸ್ ವಿನ್ ಎಂಬ ಮೂವರಲ್ಲಿ, ಇದು ಜೀವಿಗಳ ಅಂಗಾಂಶವನ್ನೂ ಹೀಗೆಯೇ ಕೆತ್ತಬಲ್ಲುದೇ ಎಂಬ ಪ್ರಶ್ನೆ ಎದ್ದಿತು. 1981ರ ನವೆಂಬರ್ ತಿಂಗಳಲ್ಲಿ ಅಮೆರಿಕನ್ನರ ಕೃತಜ್ಞತಾ ಹಬ್ಬದ ಮರುದಿನ, ಶ್ರೀನಿವಾಸನ್ ಅವರು ಊಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಣುಕನ್ನು ಪ್ರಯೋಗಾಲಯಕ್ಕೆ ತಂದು ಅದರ ಮೇಲೆ ಕಿರಣವನ್ನು ಹಾಯಿಸಿದರು. ಅಂಚು ಕರಕಲಾಗಲಿಲ್ಲ; ಪಕ್ಕದ ಭಾಗಕ್ಕೆ ಸುಟ್ಟ ಗಾಯವಾಗಲಿಲ್ಲ. ಅಚ್ಚುಕಟ್ಟಾದ ಗುಳಿಯೊಂದು ಮೂಡಿತ್ತು.

ಈ ಕಿರಣದ ತರಂಗದೂರ 193 ನ್ಯಾನೊಮೀಟರು. ಇದು ಅಂಗಾಂಶದ ಅತ್ಯಂತ ತೆಳುವಾದ ಪದರದಲ್ಲಿಯೇ ಹೀರಲ್ಪಟ್ಟು, ಅಣುಗಳ ಬಂಧವನ್ನು ಬಿಡಿಸುತ್ತದೆ. ಶಾಖ ಪಕ್ಕಕ್ಕೆ ಹರಡುವ ಮುನ್ನವೇ ಆ ಪದರ ಆವಿಯಂತೆ ಹಾರಿಹೋಗುತ್ತದೆ. ಒಂದೊಂದು ಮಿಡಿತವೂ ತೆಗೆಯುವುದು ಒಂದು ಮೈಕ್ರಾನಿನ ಸುಮಾರು ಕಾಲುಭಾಗವನ್ನು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಶಿಲ್ಪಿಯ ಉಳಿ ಕಲ್ಲಿನಿಂದ ಚಕ್ಕೆಯನ್ನು ಎಬ್ಬಿಸುವಂತೆ ಈ ಬೆಳಕಿನ ಉಳಿ ಕಾರ್ನಿಯದಿಂದ ಅಣುಗಳನ್ನು ಎಬ್ಬಿಸುತ್ತದೆ.

ನ್ಯೂಯಾರ್ಕಿನ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಅವರು ಶ್ರೀನಿವಾಸನ್ ಅವರೊಡಗೂಡಿ ಪ್ರಾಣಿಗಳ ಕಣ್ಣುಗಳ ಮೇಲೆ ನಡೆಸಿದ ಪ್ರಯೋಗಗಳು 1983ರಲ್ಲಿ ಪ್ರಕಟವಾದುವು. ಆದರೆ ನೋಡುತ್ತಿರುವ ಮಾನವನ ಕಣ್ಣಿನ ಮೇಲೆ ಮೊದಲು ಪ್ರಯೋಗಿಸುವುದು ಹೇಗೆ? 1988ರಲ್ಲಿ ಅಮೆರಿಕದ ಮಹಿಳೆಯೊಬ್ಬರು, ಅರ್ಬುದ ರೋಗದ ಕಾರಣ ತೆಗೆಸಲೇಬೇಕಾಗಿದ್ದ ತಮ್ಮ ಕಣ್ಣನ್ನು ಇದಕ್ಕಾಗಿ ಒಡ್ಡಿದರು. ವೈದ್ಯೆ ಮಾರ್ಗರೀಟ್ ಮ್ಯಾಕ್‌ಡೊನಾಲ್ಡ್ ಚಿಕಿತ್ಸೆ ಮಾಡಿದರು. ತಮಗೆ ಯಾವ ಲಾಭವೂ ಇಲ್ಲವೆಂದು ತಿಳಿದೂ ಆ ಮಹಿಳೆ ಮಾಡಿದ ಉಪಕಾರವನ್ನು, ಇಂದು ಈ ಚಿಕಿತ್ಸೆಯಿಂದ ಸುಖ ಕಾಣುವವರು ನೆನೆಯಬೇಕು.

ಇಂದು ಈ ಚಿಕಿತ್ಸೆಯಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ. ಕಾರ್ನಿಯದ ಮೇಲಣ ನವುರಾದ ತೊಗಲನ್ನು ಸರಿಸಿ ಅದರಡಿಯಲ್ಲಿ ಕೆತ್ತುವುದು ಮೊದಲನೆಯದು. ಇದರಲ್ಲಿ ಕೆಲವು ದಿನ ನೋವು ಇರುತ್ತದೆ. ಕಾರ್ನಿಯದ ಮೇಲ್ಪದರವನ್ನು ಪುಸ್ತಕದ ಹಾಳೆಯಂತೆ ಮಗುಚಿ, ಕೆತ್ತಿ, ಮತ್ತೆ ಮುಚ್ಚುವುದು ಎರಡನೆಯದು. ಗ್ರೀಸಿನ ಕ್ರೀಟ್ ದ್ವೀಪದ ಇಯೋನಿಸ್ ಪಲ್ಲಿಕಾರಿಸ್ ರೂಪಿಸಿದ ಈ ವಿಧಾನವೇ ಹೆಸರುವಾಸಿಯಾದ ‘ಲೇಸಿಕ್’. ಕಾರ್ನಿಯದ ಒಳಗೇ ಸಣ್ಣ ಬಿಲ್ಲೆಯೊಂದನ್ನು ಲೇಸರಿನಿಂದ ಬಿಡಿಸಿ, ಕಿರಿದಾದ ಸೀಳಿನ ಮೂಲಕ ಹೊರತೆಗೆಯುವುದು ಮೂರನೆಯದು. ಮೂರರಲ್ಲಿಯೂ ಕಣ್ಣಿಗೆ ಮರಗಟ್ಟಿಸುವ ಔಷಧದ ಹನಿ ಹಾಕುತ್ತಾರೆ. ಕೆಲಸ ಕೆಲವೇ ನಿಮಿಷಗಳದು. ಮೂರರಲ್ಲಿಯೂ ಕಾರ್ನಿಯದ ಒಂದಂಶ ಕಳೆಯುತ್ತದೆ. ಕಳೆದದ್ದು ಮತ್ತೆ ಬೆಳೆಯುವುದಿಲ್ಲ.

ಈಗ ಗೆಳತಿಯರ ಕಡೆಗೆ ತಿರುಗಬಹುದು. ಮೊದಲನೆಯವಳ ಕಾರ್ನಿಯದ ದಪ್ಪ 550 ಮೈಕ್ರಾನ್. ಲೇಸಿಕ್ ವಿಧಾನದಲ್ಲಿ ಮಗುಚುವ ಪದರಕ್ಕೆ 110 ಮೈಕ್ರಾನ್ ಬೇಕು. ಆರು ಮಿಲಿಮೀಟರು ಅಗಲದ ವೃತ್ತದಲ್ಲಿ ಒಂದು ಡಯಾಪ್ಟರನ್ನು ಕಳೆಯಲು ಸುಮಾರು 12 ಮೈಕ್ರಾನ್ ಕೆತ್ತಬೇಕು. ಆರು ಡಯಾಪ್ಟರಿಗೆ 72 ಮೈಕ್ರಾನ್, ಎಂದರೆ ಒಂದು ತಲೆಗೂದಲಿನ ದಪ್ಪ. ಎರಡನ್ನೂ ಕಳೆದರೆ ಕೆಳಗೆ 368 ಮೈಕ್ರಾನ್ ಉಳಿಯುತ್ತದೆ. ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕೆಂಬುದು ವೈದ್ಯರು ಪಾಲಿಸುವ ಮಿತಿ. ಅವಳ ಕಾರ್ನಿಯದ ಬಾಗು ಎಲ್ಲೆಡೆ ಕ್ರಮವಾಗಿದೆ; ಕಳೆದೆರಡು ವರ್ಷಗಳಿಂದ ಶಕ್ತಿ ಬದಲಾಗಿಲ್ಲ. ಆದುದರಿಂದ ಆಗಬಹುದೆಂಬ ಉತ್ತರ.

ಎರಡನೆಯವಳ ಕಾರ್ನಿಯದ ದಪ್ಪ 470 ಮೈಕ್ರಾನ್. ಅದೇ ರೀತಿ ಕಳೆದರೆ 288 ಉಳಿಯುತ್ತದೆ, ಮಿತಿಗಿಂತ ಹೆಚ್ಚೇ. ಲೆಕ್ಕವೇನೋ ಸರಿಹೋಯಿತು, ಆದರೆ ನಕ್ಷೆ ಸರಿಹೋಗಲಿಲ್ಲ. ಕಾರ್ನಿಯದ ಏರುತಗ್ಗುಗಳನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆಯೊಂದನ್ನು ಯಂತ್ರ ಬರೆದುಕೊಡುತ್ತದೆ. ಅದರಲ್ಲಿ ಅವಳ ಕಾರ್ನಿಯದ ಕೆಳಭಾಗ ಅಸಹಜವಾಗಿ ಉಬ್ಬಿರುವುದು ಕಾಣಿಸುತ್ತದೆ. ಕಾರ್ನಿಯ ಬರಬರುತ್ತ ತೆಳುವಾಗಿ ಶಂಕುವಿನಾಕಾರಕ್ಕೆ ತಿರುಗುವ ‘ಕೆರಟೊಕೋನಸ್’ ರೋಗದ ಮೊದಲ ಸುಳಿವು ಅದು. ಚಿಕ್ಕಂದಿನಿಂದ ಕಣ್ಣುಜ್ಜಿಕೊಳ್ಳುವ ಅಭ್ಯಾಸವೂ ಅವಳಿಗುಂಟು. ಅದು ಈ ರೋಗವನ್ನು ಹೆಚ್ಚಿಸುತ್ತದೆ. ಇಂತಹ ಕಾರ್ನಿಯವನ್ನು ಕೆತ್ತುವುದು ಶಿಥಿಲವಾದ ಗೋಡೆಯಿಂದ ಇಟ್ಟಿಗೆ ಕಿತ್ತಂತೆ. ಅದು ಒಳಗಿನ ಒತ್ತಡವನ್ನು ತಾಳಲಾರದೆ ಮತ್ತಷ್ಟು ಉಬ್ಬಿ, ಕನ್ನಡಕದಿಂದಲೂ ಸರಿಪಡಿಸಲಾಗದಷ್ಟು ದೃಷ್ಟಿ ಕೆಡಬಹುದು.

“ನೋಡಮ್ಮ, ಇದನ್ನು ಮಾಡಿಕೊಡುವುದು ನನಗೆ ಕೆಲವು ನಿಮಿಷಗಳ ಕೆಲಸ. ಆದರೆ ಅದರ ಫಲವನ್ನು ನೀನು ಐವತ್ತು ವರ್ಷ ಅನುಭವಿಸಬೇಕು” ಎನ್ನುತ್ತಾರೆ ವೈದ್ಯರು.

ಅವಳ ಕಣ್ಣಲ್ಲಿ ನೀರು ತುಂಬುತ್ತದೆ. ಆದರೆ ಆ ‘ಬೇಡ’ ಎಂಬ ಮಾತೇ ಅವಳ ದೃಷ್ಟಿಯನ್ನು ಕಾಪಾಡಿತು. ರೋಗ ಮೊದಲ ಹಂತದಲ್ಲಿಯೇ ಪತ್ತೆಯಾದುದರಿಂದ, ಅದು ಬೆಳೆಯುತ್ತಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿರಬಹುದು. ಬೆಳೆದರೆ, ರೈಬೊಫ್ಲೇವಿನ್ ಎಂಬ ಜೀವಸತ್ವದ ಹನಿಗಳನ್ನು ಹಾಕಿ ಮಿತವಾದ ನೇರಳಾತೀತ ಬೆಳಕನ್ನು ಬೀರಿ ಕಾರ್ನಿಯವನ್ನು ಗಟ್ಟಿಗೊಳಿಸುವ ಚಿಕಿತ್ಸೆಯುಂಟು. ಒಬ್ಬಳಿಗೆ ಕೆತ್ತುವ ಉಳಿಯಾದ ನೇರಳಾತೀತ ಬೆಳಕೇ ಬೇರೊಂದು ಬಗೆಯಲ್ಲಿ ಇನ್ನೊಬ್ಬಳಿಗೆ ಬೆಸುಗೆಯಾಗುತ್ತದೆ.

ಚಿಕಿತ್ಸೆಗೆ ಅರ್ಹಳಾದವಳೂ ಅದರ ಮಿತಿಗಳನ್ನು ತಿಳಿದಿರಬೇಕು. ಕಾರ್ನಿಯದ ಸೂಕ್ಷ್ಮ ನರಗಳು ತುಂಡಾಗುವುದರಿಂದ ಕೆಲವು ತಿಂಗಳು ಕಣ್ಣು ಒಣಗಿದಂತಾಗಬಹುದು. ಕೆಲವರಲ್ಲಿ ಇದು ಬಹುಕಾಲ ಉಳಿಯುವುದೂ ಉಂಟು. ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣಬಹುದು. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿರುಸಾಗುವುದರಿಂದ, ಓದುವುದಕ್ಕೆ ಎಲ್ಲರಂತೆ ಅವಳಿಗೂ ಚಾಳೀಸು ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ಲೇಸರ್ ತಿದ್ದುವುದು ಕಾರ್ನಿಯವನ್ನು ಮಾತ್ರ, ಉದ್ದವಾದ ಕಣ್ಣುಗುಡ್ಡೆ ಉದ್ದವಾಗಿಯೇ ಉಳಿಯುತ್ತದೆ. ಅಂತಹ ಕಣ್ಣಿನಲ್ಲಿ ಅಕ್ಷಿಪಟಲ ಹರಿಯುವ ಅಪಾಯ ಕನ್ನಡಕದೊಡನೆ ಹೋಗುವುದಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪದು.

ಹದಿನೆಂಟು ತುಂಬದವರು, ಶಕ್ತಿ ಇನ್ನೂ ಏರುತ್ತಿರುವವರು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಕಾಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು, ವೈದ್ಯರು ಹೇಳಿದಷ್ಟು ದಿನ ಮುಂಚಿತವಾಗಿ ಅದನ್ನು ಬಿಟ್ಟು ಪರೀಕ್ಷೆಗೆ ಹೋಗಬೇಕು. ಇಲ್ಲವಾದರೆ ಅಳತೆ ತಪ್ಪುತ್ತದೆ.

ಕುರುಡನಿಗೆ ಕಣ್ಣು ಕೊಡುವ ಚಿಕಿತ್ಸೆ ಇದಲ್ಲ. ಕನ್ನಡಕದಿಂದ ಚೆನ್ನಾಗಿ ಕಾಣುವ ಆರೋಗ್ಯವಂತ ಕಣ್ಣಿನ ಮೇಲೆ, ಅನುಕೂಲಕ್ಕಾಗಿ ಮಾಡುವ ಕೆಲಸ. ಅನುಕೂಲವನ್ನು ಬಯಸುವುದು ತಪ್ಪಲ್ಲ. ಅರ್ಹರಾದ ಬಹುಮಂದಿ ಇದರಿಂದ ಸಂತೋಷಗೊಂಡಿದ್ದಾರೆ. ಆದರೆ ಗಾಜನ್ನು ಬದಲಾಯಿಸಬಹುದು, ಕಾರ್ನಿಯವನ್ನು ಕೆತ್ತಿದ ಮೇಲೆ ಮರಳಿ ತುಂಬಲಾಗದು. ಅಳೆದು ನೋಡಿದ ಬಳಿಕವೇ ಉಳಿಯನ್ನೆತ್ತಬೇಕೆಂಬುದು ಶಿಲ್ಪಿಗೆ ಹೇಗೋ ಇಲ್ಲಿಯೂ ಹಾಗೆಯೇ. ಮೊದಲನೆಯ ಗೆಳತಿ ಕನ್ನಡಕವಿಲ್ಲದೆ ಗಡಿಯಾರ ನೋಡುವ ದಿನವೂ, ಎರಡನೆಯವಳು ಕನ್ನಡಕ ಹಾಕಿ ಅದೇ ಗಡಿಯಾರ ನೋಡುವ ದಿನವೂ ಒಂದೇ ಬಗೆಯ ವಿವೇಕದ ಫಲಗಳು.

ಅಭ್ಯಾಸ

1. ಕಣ್ಣಿನ ಶಕ್ತಿಯಲ್ಲಿ ಕಾರ್ನಿಯದ ಪಾಲೆಷ್ಟು?
2. ಸಾಟೊ ಮತ್ತು ಫ್ಯೊದರೊವ್ ಅವರ ಪ್ರಯತ್ನಗಳಿಂದ ತಿಳಿದುಬಂದ ಪಾಠವೇನು?
3. ಎಕ್ಸೈಮರ್ ಲೇಸರ್ ಅಂಗಾಂಶವನ್ನು ಸುಡದೆ ಕೆತ್ತುವುದು ಹೇಗೆ? ವಿವರಿಸಿ.
4. ‘ಲೆಕ್ಕವೇನೋ ಸರಿಹೋಯಿತು, ಆದರೆ ನಕ್ಷೆ ಸರಿಹೋಗಲಿಲ್ಲ.’ ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ತಿಳಿಸಿ.
5. ಕಾರ್ನಿಯದ ದಪ್ಪ 500 ಮೈಕ್ರಾನ್, ದೋಷ ಮೈನಸ್ ನಾಲ್ಕು ಡಯಾಪ್ಟರ್ ಆಗಿದ್ದರೆ, ಪಾಠದಲ್ಲಿ ಹೇಳಿದ ಕ್ರಮದಂತೆ ಎಷ್ಟು ಮೈಕ್ರಾನ್ ಉಳಿಯುವುದೆಂದು ಲೆಕ್ಕ ಹಾಕಿ.