ಒಂದೇ ಸಾಲು, ಎರಡು ಉತ್ತರ

ಫ್ಲ್ಯಾಶ್ ಪ್ಲೇಯರಿಗೆ ಅಡೋಬಿ ಕೊಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಿತು. ಆದರೂ ಆ ಕಾಲದ ಎಷ್ಟೋ ಆಟಗಳನ್ನು ಇವತ್ತೂ ಬ್ರೌಸರಿನಲ್ಲಿ ಆಡಬಹುದು. ಹಳೆಯ ಪ್ಲೇಯರಿನ ವೇಷ ತೊಟ್ಟು ಅದರ ಕೆಲಸ ಮಾಡುವ ಎಮ್ಯುಲೇಟರ್‌ಗಳಿವೆ. ರಸ್ಟ್ ಭಾಷೆಯಲ್ಲಿ ಬರೆದ ರಫಲ್ ಅಂಥದೊಂದು. ವೇಷ ತೊಟ್ಟ ಮೇಲೆ ಮೂಲದ ನಡೆನುಡಿಯೂ ಬರಬೇಕಲ್ಲ? ಕಷ್ಟ ಇರುವುದು ಅಲ್ಲಿ.

ಫ್ಲ್ಯಾಶ್ ಕಡತದ ಮೊದಲ ಮೂರು ಬೈಟ್‌ಗಳು ಅದರ ಗುರುತು, ನಾಲ್ಕನೆಯದು ಆವೃತ್ತಿಯ ಸಂಖ್ಯೆ. ಕಡತದಲ್ಲಿರುವ, ಫ್ಲ್ಯಾಶ್‌ನ ಆಕ್ಷನ್‌ಸ್ಕ್ರಿಪ್ಟ್ ಭಾಷೆಯ ಒಂದೇ ಸಾಲು ಈ ಸಂಖ್ಯೆಗೆ ತಕ್ಕಂತೆ ಬೇರೆ ಬೇರೆ ಉತ್ತರ ಕೊಡಬಹುದು.

ಒಂದು ಆಟ ತೆಗೆದುಕೊಳ್ಳೋಣ. ‘ಸ್ಕೋರ್’ ಎಂಬ ವೇರಿಯಬಲ್‌ಗೆ ಮೊದಲ ಬೆಲೆ ಕೊಡಲು ಬರೆದವರು ಮರೆತಿದ್ದಾರೆ. ನೇರವಾಗಿ ಅದಕ್ಕೆ 10 ಕೂಡಿಸಿದ್ದಾರೆ. ಕಡತ 6ನೇ ಆವೃತ್ತಿಯದಾದರೆ ಬೆಲೆಯಿಲ್ಲದ್ದನ್ನು ಸೊನ್ನೆ ಎಂದು ಹಿಡಿಯುತ್ತದೆ, ಉತ್ತರ 10. ಆವೃತ್ತಿ 7 ಆದರೆ ಉತ್ತರ ‘ನ್ಯಾನ್’, ಅಂದರೆ ಸಂಖ್ಯೆಯೇ ಅಲ್ಲ. ಆಮೇಲೆ ಎಷ್ಟು ಕೂಡಿಸಿದರೂ ಅದು ನ್ಯಾನ್ ಆಗಿಯೇ ಉಳಿಯುತ್ತದೆ.

ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಕಥೆಯೂ ಹೀಗೆಯೇ. ಕನ್ನಡ ಲಿಪಿಯಲ್ಲಿ ಆ ಭೇದವಿಲ್ಲ. 6ರವರೆಗಿನ ಕಡತಗಳೂ ವೇರಿಯಬಲ್‌ಗಳ ಹೆಸರಿನಲ್ಲಿ ಅದನ್ನು ಎಣಿಸುವುದಿಲ್ಲ. 7ರಿಂದ ಮುಂದೆ ಒಂದು ಅಕ್ಷರ ದೊಡ್ಡದಾದರೂ ಅದು ಬೇರೆಯೇ ವೇರಿಯಬಲ್.

ಯಾಕೆ ಹೀಗೆ? 2003ರಲ್ಲಿ ಬಂದ 7ನೇ ಪ್ಲೇಯರಿನಲ್ಲಿ, ಆಗ ಫ್ಲ್ಯಾಶ್ ತಯಾರಿಸುತ್ತಿದ್ದ ಮ್ಯಾಕ್ರೋಮೀಡಿಯಾ ಕಂಪನಿ ತನ್ನ ಭಾಷೆಯನ್ನು ಎಕ್ಮಾಸ್ಕ್ರಿಪ್ಟ್ ಮಾನದಂಡಕ್ಕೆ ಹತ್ತಿರ ತಂದಿತು. ಆದರೆ ಅದಾಗಲೇ ಜನರ ಕೈ ಸೇರಿದ್ದ ಕಡತಗಳು ಕೆಡಬಾರದಲ್ಲ. ಅವಕ್ಕೆ ಹಳೆಯ ನಿಯಮವನ್ನೇ ಉಳಿಸಿತು. ಹಾಗಾಗಿ ಎಮ್ಯುಲೇಟರ್ ಬರೆಯುವವರು ಎರಡೂ ನಿಯಮ ಪಾಲಿಸಬೇಕು. ‘ಇದು ತಪ್ಪು ಲೆಕ್ಕ’ ಎಂದು ಹಳೆಯದನ್ನು ತಿದ್ದಿದರೆ, ಅದನ್ನೇ ನಂಬಿದ ಆಟ ನಿಂತುಹೋಗುತ್ತದೆ. 2006ರ 9ನೇ ಪ್ಲೇಯರಿನೊಂದಿಗೆ ಆಕ್ಷನ್‌ಸ್ಕ್ರಿಪ್ಟ್ 3 ಬಂತು. ಅದನ್ನು ನಡೆಸುವ ವರ್ಚುವಲ್ ಯಂತ್ರವೇ ಬೇರೆ. ಅದನ್ನು ಇನ್ನೊಂದು ಪಾಠಕ್ಕೆ ಇಟ್ಟುಕೊಳ್ಳೋಣ.

ಈಗ ನಿಮಗೊಂದು ಲೆಕ್ಕ. ‘ನಮಸ್ಕಾರ’ ಎಂಬ ಪದದ ಮುಂದೆ, ಬೆಲೆಯನ್ನೇ ಕೊಡದ ‘ಹೆಸರು’ ವೇರಿಯಬಲ್ ಜೋಡಿಸಿದ್ದೇವೆ. ತೆರೆಯ ಮೇಲೆ ಏನು ಬರುತ್ತದೆ? 6ರಲ್ಲಿ ಬರೀ ನಮಸ್ಕಾರ. 7ರಲ್ಲಿ ಅದರ ಬೆನ್ನಿಗೇ ‘ಅನ್‌ಡಿಫೈನ್ಡ್’ ಎಂಬ ಪದ. ‘ಯಾವ ಆವೃತ್ತಿ?’ ಎಂದು ಮೊದಲೇ ಕೇಳಿದ್ದರೆ ನಿಮಗೆ ಪಾಠ ಬಂದಿದೆ.