ಉಪವಾಸದಲ್ಲಿ ಗ್ಲೂಕೋಸ್ ಸೆನ್ಸರ್ ಎಷ್ಟು ಪ್ರಮಾಣ?

ಮತಿಜ್ಞಾನವು ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ನಾಲ್ಕು ವಿಧವಾಗಿ ಪ್ರವರ್ತಿಸುವುದೆಂಬುದು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವನ್ನು ಸ್ವಾಧ್ಯಾಯ ಮಾಡಿದವರೆಲ್ಲರಿಗೂ ವಿದಿತವಾದ ಸಂಗತಿ. ಬೆಳ್ಳಗಿನ ರೂಪವೊಂದು ಕಂಡಿತು, ಇದು ಅವಗ್ರಹ. ಅದು ಬೆಳ್ಳಕ್ಕಿಯೋ ಪತಾಕೆಯೋ ಎಂದು ವಿಚಾರಿಸುವುದು ಈಹಾ. ಮೇಲೇರಿ ಕೆಳಗಿಳಿದು ರೆಕ್ಕೆ ಬಡಿದುದನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ದೃಷ್ಟಾಂತವಿದು. ಈಚೆಗೆ ಮಧುಮೇಹವುಳ್ಳ ಶ್ರಾವಕ ಶ್ರಾವಿಕೆಯರ ತೋಳಿನ ಮೇಲೆ ಕಾಣಬರುವ ಗ್ಲೂಕೋಸ್ ಸೆನ್ಸರ್ ತೋರಿಸುವ ಅಂಕಿಯು ಇವುಗಳಲ್ಲಿ ಯಾವುದು? ನನ್ನ ಮಟ್ಟಿಗೆ ಅದು ಅವಗ್ರಹವೇ ಹೊರತು ಅವಾಯವಲ್ಲ. ಇದನ್ನು ನಾನು ಗ್ರಂಥದಿಂದಲ್ಲ, ಮನೆಯಲ್ಲಿಯೇ ಕಲಿತೆನು.

ಕಳೆದ ದಶಲಕ್ಷಣ ಪರ್ವದ ಅನಂತ ಚತುರ್ದಶಿಯಂದು ನನ್ನ ಧರ್ಮಪತ್ನಿಯು ವೈದ್ಯರ ಅನುಮತಿ ಪಡೆದು, ಮಾತ್ರೆಯ ಪ್ರಮಾಣವನ್ನು ಅವರಿಂದಲೇ ತಗ್ಗಿಸಿಕೊಂಡು, ಚತುರ್ವಿಧ ಆಹಾರತ್ಯಾಗದ ಉಪವಾಸ ಕೈಕೊಂಡಿದ್ದಳು. ರಾತ್ರಿ ಎರಡು ಗಂಟೆಗೆ ಮೊಬೈಲ್ ಕೂಗಿತು. ಅಂಕಿ ೫೬. ಎಪ್ಪತ್ತಕ್ಕಿಂತ ಕಡಿಮೆಯಾದರೆ ಅಪಾಯವೆಂದು ಕೇಳಿದ್ದೆನಾದ್ದರಿಂದ ಗಾಬರಿಯಿಂದ ಗ್ಲೂಕೋಸ್ ಕದಡಿ ಕುಡಿಸಿದೆನು. “ನನಗೇನೂ ಆಗಿಲ್ಲವಲ್ಲ” ಎಂದು ಆಕೆ ಹೇಳಿದ್ದನ್ನು ಕೇಳಲಿಲ್ಲ. ಲೋಟ ಬರಿದಾದ ಎರಡು ನಿಮಿಷದೊಳಗೆ ಬೆರಳು ಚುಚ್ಚಿ ನೋಡಿದರೆ ೯೮. ಕುಡಿದ ಸಕ್ಕರೆ ಅಷ್ಟು ಬೇಗ ರಕ್ತಕ್ಕೆ ಸೇರಿ ನಲವತ್ತಂಕಿ ಏರಿಸಲಾರದು. ಆಕೆ ಸೆನ್ಸರ್ ಇದ್ದ ಎಡತೋಳಿನ ಮೇಲೆಯೇ ಮಲಗಿದ್ದಳು! ಉಪವಾಸ ಭಂಗವಾಯಿತು, ಅದರ ಜೊತೆಗೆ ರಾತ್ರಿಯಲ್ಲಿ ಬಾಯಿಗೆ ಹಾಕಿಕೊಂಡಂತಾಯಿತು. ಬೆಳಗಾಗುವವರೆಗೆ ಆಕೆ ಮಾತನಾಡಲಿಲ್ಲ. ಮರುದಿನ ಗುರುಸನ್ನಿಧಿಯಲ್ಲಿ ಇಬ್ಬರೂ ಪ್ರಾಯಶ್ಚಿತ್ತ ಸ್ವೀಕರಿಸಿದೆವು. ಇದರಲ್ಲಿ ಯಂತ್ರವನ್ನು ದೂಷಿಸುವಂತಿಲ್ಲ. ಈಹೆಯನ್ನು ಬಿಟ್ಟು ಅವಾಯಕ್ಕೆ ಹಾರಿದವನು ನಾನು.

ಯಂತ್ರದ ಕ್ರಮವನ್ನು ತಿಳಿದಿದ್ದರೆ ಹೀಗಾಗುತ್ತಿರಲಿಲ್ಲ. ಸೆನ್ಸರಿನ ಕೂದಲಿನಂಥ ಎಳೆಯೊಂದು ಚರ್ಮದಡಿ ಕೆಲವು ಮಿಲಿಮೀಟರ್ ಇಳಿದಿರುತ್ತದೆ. ಅದಕ್ಕೆ ಲೇಪಿಸಿದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಗ್ಲೂಕೋಸಿನೊಡನೆ ವರ್ತಿಸಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಯಂತ್ರ ಅಂಕಿಯಾಗಿ ಮಾರ್ಪಡಿಸುತ್ತದೆ. ಆದರೆ ಆ ಎಳೆ ಇರುವುದು ರಕ್ತದಲ್ಲಲ್ಲ, ಜೀವಕೋಶಗಳ ನಡುವಣ ದ್ರವದಲ್ಲಿ. ರಕ್ತದ ಸಕ್ಕರೆ ಅಲ್ಲಿಗೆ ಬರಲು ಐದರಿಂದ ಹದಿನೈದು ನಿಮಿಷ ಹಿಡಿಯುವುದುಂಟು. ತೋಳನ್ನು ಒತ್ತಿ ಮಲಗಿದರೆ ಆ ಜಾಗದಲ್ಲಿ ದ್ರವದ ಸಂಚಾರ ಕುಂದಿ, ಇಲ್ಲದ ಇಳಿತ ಕಾಣಿಸಿಕೊಳ್ಳುತ್ತದೆ.

ಅಮೆರಿಕದಲ್ಲಿ ಇಂಥ ಮೊದಲ ಯಂತ್ರಕ್ಕೆ ಅನುಮತಿ ದೊರೆತದ್ದು ೧೯೯೯ರಲ್ಲಿ. ದಿನದಿನವೂ ಬೆರಳು ಚುಚ್ಚಿ ಸರಿಹೊಂದಿಸಬೇಕಾದ ಅಗತ್ಯವಿಲ್ಲದ ಫ್ರೀಸ್ಟೈಲ್ ಲಿಬ್ರೆ ೨೦೧೪ರಲ್ಲಿ ಯೂರೋಪಿನಲ್ಲಿ ಬಂದಿತು. ಇಂದಿನ ಒಳ್ಳೆಯ ಸೆನ್ಸರುಗಳ ಅಂಕಿಗೂ ಪ್ರಯೋಗಾಲಯದ ರಕ್ತಪರೀಕ್ಷೆಗೂ ಇರುವ ಅಂತರ ಸರಾಸರಿ ನೂರಕ್ಕೆ ಎಂಟು-ಹತ್ತರಷ್ಟು. ಸರಾಸರಿ ಎಂಬ ಮಾತನ್ನು ಗಮನಿಸಬೇಕು. ತರಗತಿಯ ಸರಾಸರಿ ಅಂಕ ಅರವತ್ತೆಂದರೆ ಅನುತ್ತೀರ್ಣನಾದವನು ಒಬ್ಬನೂ ಇಲ್ಲವೆಂದರ್ಥವಲ್ಲ. ಸಕ್ಕರೆ ಕಡಿಮೆಯಾದಾಗ, ವೇಗವಾಗಿ ಏರಿಳಿಯುವಾಗ, ಸೆನ್ಸರ್ ಧರಿಸಿದ ಮೊದಲ ದಿನ ತಪ್ಪು ಹೆಚ್ಚು. ದೇಹದ ನೀರು ತೀರ ಬತ್ತಿದಾಗ ಅಂಕಿಯನ್ನು ನಂಬಬಾರದೆಂದು ತಯಾರಕರ ಸೂಚನಾಪತ್ರದಲ್ಲಿಯೇ ಇರುತ್ತದೆ. ನಿರ್ಜಲ ಉಪವಾಸಿಗಳು ಇದನ್ನು ಎರಡು ಸಲ ಓದಬೇಕು. ನಾವು ಯಂತ್ರವನ್ನು ಅತಿಯಾಗಿ ನಂಬುವ ಹೊತ್ತಿನಲ್ಲಿಯೇ ಅದರ ಬಲ ಕುಂದಿರುತ್ತದೆ.

ಇನ್ನು ಅದು ಕಾಣಲೇ ಆರದ ವಿಷಯವೊಂದುಂಟು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆಗಳನ್ನು ಸೇವಿಸುವವರಲ್ಲಿ ನಿರಾಹಾರದಿಂದ ಕೀಟೋನ್ ಎಂಬ ಆಮ್ಲವಸ್ತು ರಕ್ತದಲ್ಲಿ ಶೇಖರವಾಗಿ ಪ್ರಾಣಾಪಾಯವಾಗಬಹುದು. ಆಗ ಸಕ್ಕರೆಯ ಅಂಕಿ ಹೆಚ್ಚೇನೂ ಏರದೆ ಇರಬಹುದು. ಸೆನ್ಸರ್ ಸುಮ್ಮನಿರುತ್ತದೆ, ರೋಗಿಗೆ ವಾಂತಿ, ಹೊಟ್ಟೆನೋವು, ಏದುಸಿರು. ಇದನ್ನು ಉಪವಾಸದ ಆಯಾಸವೆಂದು ತಿಳಿಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಈ ಮಾತ್ರೆಗಳನ್ನು ನಿಲ್ಲಿಸಬೇಕೆ, ಎಷ್ಟು ದಿನ ಮೊದಲು ಎಂಬುದನ್ನು ಪರ್ವ ಬರುವ ಮುನ್ನವೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಇನ್ಸುಲಿನ್, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿಯುವ ಭಯ ನಿಜವಾದದ್ದು. ಅವರೂ ತಾವಾಗಿ ಪ್ರಮಾಣ ಬದಲಿಸಬಾರದು.

ಹಾಗಾದರೆ ಈಹೆಯ ಕ್ರಮವೇನು? ಕೂಗು ಕೇಳಿದೊಡನೆ ಮೊದಲು ಮನುಷ್ಯನನ್ನು ನೋಡಬೇಕು. ಬೆವರು, ನಡುಕ, ಎದೆಬಡಿತ, ತಡವರಿಸುವ ಮಾತು ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಹದಿನೈದು ಗ್ರಾಂ ಗ್ಲೂಕೋಸ್ ಕೊಡಬೇಕು. ಆಗ ಪರೀಕ್ಷೆಗಾಗಿ ಕಾಯುವುದು ಅಪರಾಧ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಲಕ್ಷಣವೇನೂ ಇಲ್ಲದಿದ್ದರೆ ಮಗ್ಗುಲು ಬದಲಿಸಿ, ಕೈ ತೊಳೆದೊರಸಿ, ಬೆರಳಿನ ರಕ್ತ ಪರೀಕ್ಷಿಸಬೇಕು. ಅಲ್ಲಿಯೂ ಎಪ್ಪತ್ತಕ್ಕಿಂತ ಕಡಿಮೆಯಿದ್ದರೆ ಉಪವಾಸ ಅಲ್ಲಿಗೆ ಮುಗಿಯಿತು. ಗ್ಲೂಕೋಸ್ ಕೊಟ್ಟ ಹದಿನೈದು ನಿಮಿಷದ ಮೇಲೂ ಬೆರಳನ್ನೇ ನೋಡಬೇಕು. ಸೆನ್ಸರ್ ಇನ್ನೂ ಹಿಂದಿನ ಅಂಕಿಯನ್ನೇ ತೋರಿಸುತ್ತಿರಬಹುದು.

ಬೆರಳು ಚುಚ್ಚಿದರೆ ಉಪವಾಸಕ್ಕೆ ದೋಷವುಂಟೇ ಎಂದು ಕೆಲವರು ಕೇಳಿದ್ದಾರೆ. ಆಹಾರತ್ಯಾಗಕ್ಕೂ ಅದಕ್ಕೂ ಸಂಬಂಧ ನನಗೆ ಕಾಣದು. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ‘ಶಕ್ತಿತಃ’ ಎಂಬ ವಿಶೇಷಣವಿದೆ; ಶಕ್ತಿಯನ್ನು ಅಳೆಯದೆ ಅದನ್ನು ಪಾಲಿಸುವುದೆಂತು? ಪ್ರತಿಜ್ಞೆ ಸ್ವೀಕರಿಸುವಾಗಲೇ ಆಪತ್ತಿನಲ್ಲಿ ಔಷಧಕ್ಕೆ ಅವಕಾಶವಿರಲೆಂದು ಗುರುಗಳಲ್ಲಿ ಅರಿಕೆಮಾಡಿಕೊಳ್ಳುವುದು ಲೇಸು. ಶಕ್ತಿ ಸಾಲದವರಿಗೆ ಏಕಾಶನವಿದೆ, ರಸಪರಿತ್ಯಾಗವಿದೆ; ಅವನ್ನೂ ವೈದ್ಯರಿಗೆ ತಿಳಿಸಿಯೇ ಮಾಡಬೇಕು. ಚರ್ಮವನ್ನು ಭೇದಿಸದೆಯೇ ಸಕ್ಕರೆ ಅಳೆಯುವುದೆಂದು ಮಾರುವ ಕೈಗಡಿಯಾರ, ಉಂಗುರಗಳನ್ನು ಮಾತ್ರ ಕೊಳ್ಳಬೇಡಿರಿ. ಅಂಥ ಒಂದಕ್ಕೂ ತಾನು ಅನುಮತಿ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೨೪ರ ಫೆಬ್ರವರಿಯಲ್ಲಿ ಎಚ್ಚರಿಸಿತು.

ಹದಿನಾಲ್ಕು ದಿನ ಬರುವ ಸೆನ್ಸರನ್ನು ಪರ್ವ ಪ್ರಾರಂಭವಾಗುವ ಪಂಚಮಿಯ ಬೆಳಿಗ್ಗೆ ಹಾಕಿಸಿಕೊಳ್ಳುವುದು ರೂಢಿಯಾಗಿದೆ. ಭಾದ್ರಪದ ಶುಕ್ಲ ತೃತೀಯೆಯಂದೇ ಹಾಕಿಸಿಕೊಂಡು, ಉಣ್ಣುವ ಎರಡು ದಿನಗಳಲ್ಲಿ ಬೆರಳಿನ ಅಂಕಿಯೊಡನೆ ಹೋಲಿಸಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಚತುರ್ದಶಿಯವರೆಗೆ ಸಾಲುತ್ತದೆ.