ಹಿಡಿಯಬಹುದು, ಆದರೆ ಹೇಗೆ? ಕಬಡ್ಡಿಯ ಟ್ಯಾಕಲ್ ನಿಯಮಗಳು



ಕಳೆದ ತಿಂಗಳು ಬಾಬುರಾಯನಕೊಪ್ಪಲಿನಲ್ಲಿ ಅಭ್ಯಾಸ ಆಡುವಾಗ ಪ್ರಥಮ ಪಿಯುಸಿಯ ಹುಡುಗನೊಬ್ಬ ರೈಡ್‌ಗೆ ಬಂದ. ನಾನು ನೆಲಕ್ಕೆ ಬಿದ್ದು, ಅವನ ಕಾಲನ್ನು ನನ್ನ ಎರಡು ಕಾಲುಗಳ ನಡುವೆ ಕತ್ತರಿಯಂತೆ ಸಿಕ್ಕಿಸಿ ಕೆಡವಿದೆ. ಔಟ್ ಎಂದು ಎಲ್ಲರೂ ಕೂಗಿದೆವು. ಅವನು ಮಾತ್ರ ಏಳಲಿಲ್ಲ. ಮೊಣಕಾಲು ಊದಿಕೊಂಡು ಮೂರು ವಾರ ಕುಂಟುತ್ತಲೇ ತರಗತಿಗೆ ಬಂದ.

ಆಮೇಲೆ ನಿಯಮ ಹುಡುಕಿ ಓದಿದೆ. ಕಾಲುಕತ್ತರಿ ಫೌಲ್. ಹಾಗೆ ಹಿಡಿದರೆ ರೈಡರ್ ಔಟೇ ಅಲ್ಲ! ರೈಡರನ ಕೈಕಾಲು ಅಥವಾ ಮುಂಡವನ್ನು ಮಾತ್ರ ಹಿಡಿಯಬೇಕು. ಕೂದಲು, ಬಟ್ಟೆ ಎಳೆಯುವಂತಿಲ್ಲ. ಬಾಯಿ ಮುಚ್ಚಿ 'ಕಬಡ್ಡಿ ಕಬಡ್ಡಿ' ನಿಲ್ಲಿಸುವಂತಿಲ್ಲ. ಗಾಯವಾಗುವಂತೆ ಒರಟಾಗಿ ಕೆಡವುವಂತಿಲ್ಲ. ಕೈಯಿಂದ ಪಾದದ ಗಂಟು ಅಥವಾ ತೊಡೆ ಹಿಡಿಯುವುದು ಮಾತ್ರ ಪೂರ್ತಿ ಸರಿ. ಒಳ್ಳೆಯ ಕಾರ್ನರ್ ಆಟಗಾರನ ಬಂಡವಾಳವೇ ಅದು.

ಪ್ರೊ ಕಬಡ್ಡಿ ನೋಡುವವರಿಗೆ ಕಾರ್ಡುಗಳು ಗೊತ್ತೇ ಇವೆ: ಹಸಿರು ಎಂದರೆ ಎಚ್ಚರಿಕೆ, ಹಳದಿ ಎಂದರೆ 2 ನಿಮಿಷ ಹೊರಗೆ, ಕೆಂಪು ಎಂದರೆ ಆ ಪಂದ್ಯ ಮುಗಿದಂತೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಾಗ ರೈಡರನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, 2 ಅಂಕ. ನನ್ನ ಅನುಭವದಲ್ಲಿ ಕೈತಪ್ಪುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಒಂದು ಅಂಕದ ಆಸೆಯೇ ಸಾಕಾಗಿತ್ತು ನನಗೆ, ಎರಡಾದರೆ ಕೇಳಬೇಕೇ?

ಹಿಡಿದು ಕೆಡವುವ ಇನ್ನೊಂದು ದೊಡ್ಡ ಆಟ ಅಮೆರಿಕನ್ ಫುಟ್‌ಬಾಲ್. ಹೆಲ್ಮೆಟ್ಟು, ಭುಜದ ಪ್ಯಾಡು ಎಲ್ಲಾ ತೊಟ್ಟು ಆಡುತ್ತಾರೆ. ಆದರೂ ಕಾಲು ಮುರಿಯುತ್ತದೆ. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್, ಹಿಂದಿನಿಂದ ಕುತ್ತಿಗೆಪಟ್ಟಿಗೆ ಕೈ ಹಾಕಿ ಎಳೆದು ಬೀಳಿಸುವುದನ್ನು 2005ರಲ್ಲಿ ನಿಷೇಧಿಸಿತು. 2024ರಲ್ಲಿ ಮತ್ತೊಂದನ್ನು ನಿಷೇಧಿಸಿತು: ಓಡುವವನನ್ನು ಹಿಡಿದು, ಸೊಂಟ ತಿರುಗಿಸಿ, ತನ್ನ ಮೈಭಾರವನ್ನೆಲ್ಲಾ ಅವನ ಕಾಲ ಮೇಲೆ ಹಾಕುವ ಪಟ್ಟು. ಅದನ್ನು ಓದುವಾಗ ನನ್ನದೇ ಕತೆ ಓದಿದಂತಾಯಿತು. ದಂಡ 15 ಗಜ, ಅಂದರೆ ಸುಮಾರು 13.7 ಮೀಟರ್. ನಮ್ಮ ಕಬಡ್ಡಿ ಅಂಕಣದ ಉದ್ದವೇ 13 ಮೀಟರ್. ಒಂದು ತಪ್ಪಿಗೆ ಇಡೀ ಅಂಕಣಕ್ಕಿಂತ ಹೆಚ್ಚು ಜಾಗ ಹೋಯಿತು ಅಂದುಕೊಳ್ಳಿ.

ಕಳೆದ ಶನಿವಾರ ಆ ಹುಡುಗ ಮತ್ತೆ ಅಭ್ಯಾಸಕ್ಕೆ ಬಂದ. ಮೊದಲ ರೈಡೇ ನನ್ನ ಕಾರ್ನರಿಗೆ. ಎರಡೂ ಕೈಯಲ್ಲಿ ಅವನ ಪಾದದ ಗಂಟು ಹಿಡಿದೆ. ಕೊಸರಿಕೊಂಡು ಚಾಚಿ ಮಧ್ಯಗೆರೆ ಮುಟ್ಟಿಬಿಟ್ಟ. ನಾನು ಔಟ್.